ತಟ್ಟೆ ತುಂಬ ನೇರಳೆ

ಹಲಸಿನಹಣ್ಣಾದರೆ ಮುಳಕ ಮಾಡಿ ಮುಗಿಸಬಹುದು, ಮಾವಿನಕಾಯಾದರೆ ಹುಲ್ಲಿನಲ್ಲಿಟ್ಟು ಮಾಗಿಸಬಹುದು. ನೇರಳೆ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಮರದಲ್ಲೇ ಹಣ್ಣಾಗಬೇಕು, ಕಿತ್ತ ಎರಡು ದಿನಕ್ಕೆಲ್ಲ ಸೊರಗಿ ನೀರೊಡೆಯುತ್ತದೆ. ಮುಂಗಾರು ಜೋರಾಯಿತೆಂದರೆ ಕಾಲವೇ ಮುಗಿಯಿತು. ಅದಕ್ಕೇ ಗಾಡಿಯ ಮೇಲೆ ಕಪ್ಪು ರಾಶಿ ಕಂಡ ಕೂಡಲೇ ನನ್ನ ಲೆಕ್ಕಾಚಾರ ಶುರುವಾಗುತ್ತದೆ: ಇವತ್ತು ತಿನ್ನುವುದೆಷ್ಟು, ಫ್ರೀಜರ್‌ಗೆ ಎಷ್ಟು?

ಆರಿಸುವುದರಲ್ಲೇ ಅರ್ಧ ಸುಖವಿದೆ. ಮಿರಮಿರ ಮಿಂಚಬೇಕು, ಬೆರಳಿಗೆ ತುಸುವೇ ಮೆತ್ತಗೆ ಸಿಗಬೇಕು. ತೊಟ್ಟಿನ ಬಳಿ ಕೆಂಪು ಉಳಿದಿದ್ದರೆ ಒಗರು. ಆ ಒಗರು ಫ್ರೀಜರ್‌ನಲ್ಲಿ ಎಷ್ಟು ದಿನ ಇಟ್ಟರೂ ಹೋಗದು. ಒಡೆದ ಹಣ್ಣಿಗೆ ಅಲ್ಲೇ ಬಾಯಿಯಲ್ಲಿ ಜಾಗ.

ತೊಳೆದು, ಹಳೆಯ ಪಂಚೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಆರಲು ಬಿಡುತ್ತೇನೆ. ಒಂದು ಹನಿ ನೀರು ಉಳಿದರೂ ಹಣ್ಣುಗಳು ಒಂದಕ್ಕೊಂದು ಕಚ್ಚಿಕೊಂಡು ಇಟ್ಟಿಗೆಯಾಗುತ್ತವೆ. ಆಮೇಲೆ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರ, ಒಂದಕ್ಕೊಂದು ತಾಗದಂತೆ. ಹೀಗೆ ಜೋಡಿಸುವಾಗ ನಾನು ಅವಸರ ಮಾಡುವುದಿಲ್ಲ. ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಹಿಗ್ಗುತ್ತದೆ. ತಣ್ಣಗಾಗುವುದು ನಿಧಾನವಾದಷ್ಟೂ ಮಂಜಿನ ಹರಳು ದೊಡ್ಡದಾಗಿ ಹಣ್ಣಿನ ಒಳಗೋಡೆಗಳನ್ನು ಸೀಳುತ್ತದೆ. ರಾಶಿ ಹಾಕಿದರೆ ನಡುವಿನ ಹಣ್ಣಿಗೆ ಚಳಿ ತಲುಪುವುದು ತಡ. ಬಿಡಿಬಿಡಿಯಾಗಿದ್ದರೆ ಮೈನಸ್ 18 ಡಿಗ್ರಿಯ ಚಳಿ ಪ್ರತಿ ಹಣ್ಣನ್ನೂ ಸುತ್ತುವರಿಯುತ್ತದೆ.

ಬೆಳಗ್ಗೆ ತಟ್ಟೆ ಅಲುಗಿಸಿದರೆ ಗೋಲಿಗಳ ಹಾಗೆ ಟಣಟಣ ಸದ್ದು. ಮೈಮೇಲೆ ಬಿಳಿಯ ತೆಳು ಮಂಜು. ಹೆಬ್ಬೆರಳಿನಿಂದ ಒರೆಸಿದರೆ ಕಡುನೇರಳೆ ಬಣ್ಣ ಮೂಡುತ್ತದೆ. ತಡಮಾಡದೆ ಕವರಿಗೆ ತುಂಬಿ, ಒಳಗಿನ ಗಾಳಿಯನ್ನು ಒತ್ತಿ ಹೊರಹಾಕುತ್ತೇನೆ. ಗಾಳಿ ಉಳಿದರೆ ಹಣ್ಣು ಒಣಗಿ ಸಿಪ್ಪೆ ಸುಕ್ಕಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಒಂದೇ ನಿಯಮ, ಬಾಗಿಲು ತೆರೆಯಬಾರದು. ತುಂಬಿದ ಫ್ರೀಜರ್ ಮುಚ್ಚಿಯೇ ಇದ್ದರೆ ಸುಮಾರು 48 ಗಂಟೆ ಚಳಿ ಹಿಡಿದಿಡುತ್ತದೆ.

ತಿನ್ನುವುದಕ್ಕೂ ಒಂದು ಹದವಿದೆ. ಪೂರ್ತಿ ಕರಗಿದರೆ ಪಿಚಪಿಚ ಅನ್ನುತ್ತದೆ. ಹೊರಗಿಟ್ಟು ಅರೆಕರಗಿದಾಗ ಉಪ್ಪು, ಅಚ್ಚಖಾರದ ಪುಡಿ ಉದುರಿಸಿ ಕಚ್ಚಬೇಕು: ಮೊದಲು ಹರಳು ಕರಕರ, ಆಮೇಲೆ ಹುಳಿಸಿಹಿ, ಕೊನೆಗೆ ಒಗರು. ತಾಜಾ ಹಣ್ಣಿಗೂ ಈ ಮೂರು ಹಂತಗಳಿಲ್ಲ ಎಂದೇ ನನ್ನ ವಾದ. ಶರಬತ್ತಿಗಾದರೆ ಪೂರ್ತಿ ಕರಗಲಿ. ಒಳಗೋಡೆ ಹರಿದಿರುವುದು ಇಲ್ಲಿ ಅನುಕೂಲವೇ. ಕಿವುಚಿದ ಕೂಡಲೇ ಬೀಜ ಬಿಟ್ಟು ರಸ ಇಳಿಯುತ್ತದೆ. ಒಂದು ಕವರನ್ನು ಯಾರ ಕಣ್ಣಿಗೂ ಬೀಳದಂತೆ ಹಿಂದೆ ತಳ್ಳಿಡುತ್ತೇನೆ, ಶಿವರಾತ್ರಿ ಕಳೆದು ಸೆಕೆ ಏರುವ ಹೊತ್ತಿಗೆ ಮನೆಮಂದಿಗೆಲ್ಲ ಒಂದೊಂದು ಲೋಟ ಸಿಗಲಿ ಅಂತ.