ನಡುರಾತ್ರಿಯ ಗೆರೆ

ಎರಡು ಹೊತ್ತುಗಳ ನಡುವೆ ಎಷ್ಟು ಸಮಯ ಸರಿಯಿತೆಂದು ಹೇಳುವುದು ನಮ್ಮ ಹೆಂಗಸರಿಗೆ ಒಂದು ಲೆಕ್ಕವೇ ಅಲ್ಲ. ರಾತ್ರಿ ಒಂಬತ್ತಕ್ಕೆ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಆರಕ್ಕೆ ಪಾತ್ರೆಯಂಚಿಗೆ ಬಂದಿದ್ದರೆ, ಒಂಬತ್ತು ಗಂಟೆಯಾಯಿತು ಎಂದು ಕೈ ತೊಳೆಯುತ್ತಲೇ ಹೇಳಿಬಿಡುತ್ತೇವೆ. ನಡುವೆ ತಾರೀಖು ಬದಲಾಯಿತಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಳ್ಳಬೇಕಾದವರು ಕಂಪ್ಯೂಟರಿನ ಮುಂದೆ ಕೂತ ನನ್ನಂಥವರು.

ನನ್ನ ಕೆಲಸ ಎಕ್ಸ್‌ಎಂಎಲ್ ಕಡತಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವುದು. ಹೆಸರು ಕೇಳಿ ಹೆದರಬೇಡಿ. ಅಡುಗೆಮನೆಯ ಡಬ್ಬಿಗಳಿಗೆ ಸಾಸಿವೆ, ಮೆಂತ್ಯ ಎಂದು ಚೀಟಿ ಅಂಟಿಸುವ ಹಾಗೆ, ಪ್ರತಿ ಮಾಹಿತಿಗೂ ಒಂದು ಹೆಸರಿನ ಚೀಟಿ ಅಂಟಿಸಿಡುವ ಪದ್ಧತಿ ಅದು. ಆ ಡಬ್ಬಿಗಳನ್ನು ಇನ್ನೊಂದು ಕಪಾಟಿನಲ್ಲಿ ಬೇರೆ ಕ್ರಮದಲ್ಲಿ ಜೋಡಿಸಿಕೊಡುವ ಭಾಷೆ ಎಕ್ಸ್‌ಎಸ್‌ಎಲ್‌ಟಿ. 1999ರಲ್ಲಿ ಬಂದ ಅದರ ಮೊದಲ ಆವೃತ್ತಿಗೆ ಗಡಿಯಾರವೇ ಗೊತ್ತಿರಲಿಲ್ಲ. "08:40" ಎಂದರೆ ಅದಕ್ಕೆ ಬರಿಯ ಐದು ಅಕ್ಷರ. ಆದ್ದರಿಂದ ಚುಕ್ಕಿಗಳ ಎಡಗಡೆಯದನ್ನು ಕತ್ತರಿಸಿ ಅರವತ್ತರಿಂದ ಗುಣಿಸಿ, ಬಲಗಡೆಯದನ್ನು ಕೂಡಿಸಿ, ಎಲ್ಲವನ್ನೂ ನಿಮಿಷ ಮಾಡಿಕೊಂಡೇ ಕಳೆಯಬೇಕು. 8:40 ಎಂದರೆ 520 ನಿಮಿಷ, 9:15 ಎಂದರೆ 555; ಉಳಿದದ್ದು 35. ಅರವತ್ತನ್ನು ಮರೆತು 915ರಲ್ಲಿ 840 ಕಳೆದಿರೋ, 75 ಬರುತ್ತದೆ! 2007ರ ಎರಡನೆಯ ಆವೃತ್ತಿಗೆ ಸಮಯವೆಂದರೇನೆಂದು ತಿಳಿಯಿತು. ಒಂದು ಹೊತ್ತಿನಿಂದ ಇನ್ನೊಂದನ್ನು ನೇರವಾಗಿ ಕಳೆದರೆ "ಪಿಟಿ35ಎಂ" ಎನ್ನುತ್ತದೆ. ಮೂವತ್ತೈದು ನಿಮಿಷದ ಅವಧಿ ಎಂದರ್ಥ.

ಆದರೆ ನಡುರಾತ್ರಿಯನ್ನು ದಾಟುವುದು ಅದಕ್ಕೂ ತಾನಾಗಿ ಬಾರದು. ಒಮ್ಮೆ ಒಂದು ನರ್ಸಿಂಗ್ ಹೋಮಿನ ಹಾಜರಿ ಲೆಕ್ಕ ನನ್ನ ಕೈಗೆ ಬಂತು. ಪ್ರೋಗ್ರಾಂ ಬೇರೆಯವರು ಬರೆದದ್ದು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು 21:00ಕ್ಕೆ ಬಂದು 07:30ಕ್ಕೆ ಹೊರಟಿದ್ದಾರೆ. ಕಳೆದರೆ ಮೈನಸ್ ಹದಿಮೂರೂವರೆ ಗಂಟೆ. ಬರೆದವರು ಮೈನಸ್ ಬಂದಲ್ಲೆಲ್ಲ ಸೊನ್ನೆ ಹಾಕಿಬಿಟ್ಟಿದ್ದರು. ರಾತ್ರಿ ಭತ್ಯೆ ಲೆಕ್ಕವಾಗುತ್ತಿದ್ದುದು ಆ ಸೊನ್ನೆಯಿಂದಲೇ. ಎಚ್ಚರವಿದ್ದು ಡ್ರಿಪ್ ಬದಲಿಸಿ, ಜ್ವರ ನೋಡಿ, ಬೆಳಗು ಮಾಡಿದ ಹೆಣ್ಣುಮಗಳು ಕಾಗದದ ಮೇಲೆ ಏನೂ ಮಾಡಿರಲಿಲ್ಲ!

ಪರಿಹಾರ ಒಂದೇ ಸಾಲು: ಉತ್ತರ ಸೊನ್ನೆಗಿಂತ ಕಡಿಮೆಯಾದರೆ 24 ಗಂಟೆ ಕೂಡಿಸು. ಹತ್ತೂವರೆ ಗಂಟೆ ಬಂತು. ಆದರೂ ಸಮಾಧಾನವಾಗಲಿಲ್ಲ. ಬದಲಿ ಬಾರದೆ ಬೆಳಿಗ್ಗೆ ಒಂಬತ್ತರಿಂದ ಮರುದಿನ ಹತ್ತರವರೆಗೆ ದುಡಿದವರಿಗೆ ಈ ಸಾಲೂ ಒಂದೇ ಗಂಟೆ ಕೊಡುತ್ತದೆ. ಹೊತ್ತಿನ ಜೊತೆ ತಾರೀಖೂ ಇರಲೇಬೇಕು ಎಂದು ಹಟ ಹಿಡಿದು ಕಡತದ ರೂಪವನ್ನೇ ಬದಲಾಯಿಸಿದೆ. ಹಿಂದಿನ ತಿಂಗಳುಗಳದ್ದನ್ನೂ ಮತ್ತೆ ಲೆಕ್ಕ ಹಾಕಿ, ಯಾರಿಗೆ ಎಷ್ಟು ಗಂಟೆ ಬಾಕಿ ಎಂಬ ಪಟ್ಟಿಯನ್ನು, ಯಾರೂ ಕೇಳದಿದ್ದರೂ, ಜೊತೆಗಿಟ್ಟು ಕಳಿಸಿದೆ.

ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಅರವತ್ತು ಗಳಿಗೆ. ಆ ಲೆಕ್ಕದಲ್ಲಿ ರಾತ್ರಿ ಎರಡು ತುಂಡಾಗುವುದಿಲ್ಲ ನಿಜ. ಆದರೆ ಆ ಸಿಸ್ಟರ್ ಹೊರಡುವ ಹೊತ್ತಿಗೆ ಸೂರ್ಯ ಮೇಲೆ ಬಂದಿರುತ್ತಾನಲ್ಲ! ಗೆರೆಯನ್ನು ಎಲ್ಲಿ ಎಳೆದರೂ ಯಾರದೋ ದುಡಿಮೆ ಅದನ್ನು ದಾಟಿಯೇ ತೀರುತ್ತದೆ. ದಾಟಿದವರನ್ನು ಎಣಿಸುವ ಜವಾಬ್ದಾರಿ ಲೆಕ್ಕ ಬರೆಯುವವರದು.