ಚೂಯಿಂಗ್ ಗಮ್ ಇಲ್ಲದ ಊರು

ವಿಮಾನ ಕೆಳಗಿಳಿಯತೊಡಗಿದಾಗ ಕಿವಿ ಗುಂಯ್ ಎನ್ನುತ್ತದೆ. ಬಾಯಲ್ಲಿ ಏನನ್ನಾದರೂ ಜಗಿಯುತ್ತಿದ್ದರೆ ಆಗಾಗ ಉಗುಳು ನುಂಗಿ ಕಿವಿ ಬಿಟ್ಟುಕೊಳ್ಳುತ್ತದೆ. ಅದಕ್ಕಾಗಿಯೇ ಚೀಲದಲ್ಲಿ ಒಂದು ಪೊಟ್ಟಣ ಚೂಯಿಂಗ್ ಗಮ್ ಇಟ್ಟುಕೊಳ್ಳುವವರಿದ್ದಾರೆ. ಆದರೆ ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ತಾಸು ಹಾರಿ ಇಳಿಯುವ ಊರು ಸಿಂಗಪುರವಾಗಿದ್ದರೆ ಆ ಪೊಟ್ಟಣವನ್ನು ಮನೆಯಲ್ಲೇ ಬಿಡುವುದು ಕ್ಷೇಮ. ಆ ದೇಶದೊಳಗೆ ತರಬಾರದ ವಸ್ತುಗಳ ಪಟ್ಟಿಯಲ್ಲಿ ಪಟಾಕಿಯ ಜೊತೆಗೆ ಚೂಯಿಂಗ್ ಗಮ್ ಕೂಡ ಇದೆ!

ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡು ಊರೊಳಗೆ ಹೊರಟ ಪ್ರವಾಸಿಗೆ ಮೊದಲು ಎದುರಾಗುವುದು ಅಲ್ಲಿನ ಎಂ.ಆರ್.ಟಿ. ರೈಲು. ನಿಲ್ದಾಣದ ನೆಲ ಫಳಫಳ ಹೊಳೆಯುತ್ತದೆ. ಗೋಡೆಯ ಮೇಲಿನ ಫಲಕದಲ್ಲಿ ದಂಡಗಳ ಯಾದಿ. ತಿಂದರೆ, ಕುಡಿದರೆ 500 ಡಾಲರ್, ಸಿಗರೇಟು ಸೇದಿದರೆ 1000 ಡಾಲರ್. ಘಾಟು ವಾಸನೆಯ ಡೂರಿಯನ್ ಹಣ್ಣಿಗೂ ಪ್ರವೇಶವಿಲ್ಲ. ದಂಡಕ್ಕೂ ಚೆಂದಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಅದನ್ನೇ ಹಿಡಿದು ‘ಸಿಂಗಪುರ ಫೈನ್ ಸಿಟಿ’ ಎಂದು ಅಚ್ಚು ಹಾಕಿದ ಟೀ ಶರ್ಟುಗಳನ್ನು ಅಲ್ಲಿಯೇ ಪ್ರವಾಸಿಗಳಿಗೆ ಮಾರುತ್ತಾರೆ. ತಮ್ಮನ್ನು ತಾವೇ ನಗೆಗೆ ಈಡುಮಾಡಿಕೊಂಡು ಅದರಲ್ಲೂ ನಾಲ್ಕು ಕಾಸು ಗಳಿಸುವ ಜಾಣ್ಮೆ ಆ ಪುಟ್ಟ ದೇಶಕ್ಕಿದೆ.

ಚೂಯಿಂಗ್ ಗಮ್ ಜಗಿದರೆ ಸಿಂಗಪುರದಲ್ಲಿ ಬೆತ್ತದ ಏಟು ಬೀಳುತ್ತದೆ ಎಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿದೆ. ಇದು ನಿಜವಲ್ಲ. 1994ರಲ್ಲಿ ಅಮೆರಿಕದ ಹುಡುಗನೊಬ್ಬ ಬೇರೆಯವರ ಕಾರುಗಳನ್ನು ಹಾಳುಗೆಡವಿದ್ದಕ್ಕಾಗಿ ಬೆತ್ತದ ಏಟು ತಿಂದ. ಅದು ದೊಡ್ಡ ಸುದ್ದಿಯಾಗಿ, ಜನರ ನೆನಪಿನಲ್ಲಿ ಎರಡೂ ಸಂಗತಿ ಕಲಸಿಹೋದವು. ಅಲ್ಲಿ ಜಗಿಯುವುದು ಅಪರಾಧವಲ್ಲ. ತರುವುದು, ಮಾರುವುದು, ಜಗಿದದ್ದನ್ನು ಕಂಡಲ್ಲಿ ಉಗಿಯುವುದು ಅಪರಾಧ. ಮಾರಾಟಕ್ಕೆಂದು ಹೊರಗಿನಿಂದ ತಂದು ಸಿಕ್ಕಿಬಿದ್ದರೆ ಒಂದು ಲಕ್ಷ ಸಿಂಗಪುರ ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಬಾಯಲ್ಲಿ ಕರಗದ ಒಂದು ಮಿಠಾಯಿಗೆ ಇಷ್ಟೊಂದು ದೊಡ್ಡ ಕಾನೂನೇಕೆ?

ಚಿಕ್ಕು ಮರದ ಹಾಲು

ಉತ್ತರ ಹುಡುಕಲು ಮೊದಲು ಮಿಠಾಯಿಯ ಹುಟ್ಟೂರಿಗೆ ಹೋಗಬೇಕು. ಸಿಂಗಪುರದಿಂದ ಭೂಮಿಯ ಆಚೆ ಬದಿಗೆ, ಮೆಕ್ಸಿಕೋ ಮತ್ತು ಗ್ವಾಟೆಮಾಲಾದ ಕಾಡುಗಳಿಗೆ. ಅಲ್ಲಿ ಬೆಳೆಯುವ ಮರ ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ಸಪೋಟ, ಅಂದರೆ ಚಿಕ್ಕು! ಸರಿಯಾಗಿ ಹಣ್ಣಾಗದ ಸಪೋಟವನ್ನು ಕಚ್ಚಿದ ಮಕ್ಕಳಿಗೆ ತುಟಿಗೆ ಅಂಟಿಕೊಳ್ಳುವ ಆ ಬಿಳಿಯ ಸೊನೆ ಗೊತ್ತು. ಅಮ್ಮಂದಿರಿಗೆ ಚಾಕುವಿಗೆ ಮೆತ್ತಿಕೊಂಡ ಅದೇ ಸೊನೆಯನ್ನು ಉಜ್ಜಿ ತೆಗೆಯುವ ಕಷ್ಟ ಗೊತ್ತು. ಕಾಡಿನ ಸಪೋಟ ಮರದ ಕಾಂಡಕ್ಕೆ ಅಂಕುಡೊಂಕಾಗಿ ಕಚ್ಚು ಹಾಕಿ, ಇಳಿದ ಸೊನೆಯನ್ನು ಹಿಡಿದು, ಕಾಯಿಸಿ ಗಟ್ಟಿ ಮಾಡಿದರೆ ‘ಚಿಕ್ಲೆ’. ಚಿಕ್ಕು ಎಂಬ ಹೆಸರಿನಲ್ಲೇ ಈ ನಂಟಿನ ಸದ್ದಿದೆ. ಮಾಯಾ ಜನರೂ ಅಜ್ಟೆಕ್ ಜನರೂ ಇದನ್ನು ಹಿಂದಿನಿಂದಲೇ ಜಗಿಯುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೆಕ್ಸಿಕೋದ ಪದಚ್ಯುತ ನಾಯಕ ಸಾಂಟಾ ಅನ್ನಾ ನ್ಯೂಯಾರ್ಕಿಗೆ ಬಂದಾಗ ಚಿಕ್ಲೆಯೂ ಅವನೊಡನೆ ಬಂತು. ಥಾಮಸ್ ಆಡಮ್ಸ್ ಎಂಬಾತ ಅದರಿಂದ ರಬ್ಬರಿನ ಬದಲಿ ವಸ್ತು ಮಾಡಲು ಹೆಣಗಿದ. ಆಗಲಿಲ್ಲ. ಕೊನೆಗೆ ಅದನ್ನು ಜಗಿಯಲೆಂದೇ ಮಾರಲು ಹೊರಟ. 1871ರಲ್ಲಿ ಗಮ್ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ರಬ್ಬರಾಗದೆ ಸೋತದ್ದು ಬಾಯಿಗೆ ಬಿದ್ದು ಗೆದ್ದಿತು. 1928ರಲ್ಲಿ ಫಿಲಡೆಲ್ಫಿಯಾದ ಕಾರ್ಖಾನೆಯೊಂದರ ಲೆಕ್ಕ ಬರೆಯುವ ವಾಲ್ಟರ್ ಡೀಮರ್ ಗುಳ್ಳೆ ಊದಬಹುದಾದ ಬಬಲ್ ಗಮ್ ಕಂಡುಹಿಡಿದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಊಟದ ಪೊಟ್ಟಣಗಳಲ್ಲಿ ಗಮ್ ಇರುತ್ತಿತ್ತು. ಅವರು ಹೋದಲ್ಲೆಲ್ಲ ಅದೂ ಹೋಯಿತು. ಇಂದಿನ ಪಾಲಕರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕ್ರಿಕೆಟ್ ಆಟಗಾರರ ಚಿತ್ರಗಳ ಆಸೆಗೆ ಗಮ್ ಕೊಂಡವರೆಷ್ಟೋ!

ಯುದ್ಧದ ನಂತರ ಚಿಕ್ಲೆಯ ಜಾಗಕ್ಕೆ ಪೆಟ್ರೋಲಿಯಂ ಮೂಲದ ಕೃತಕ ವಸ್ತುಗಳು ಬಂದವು. ಇಂದು ಹೆಚ್ಚಿನ ಗಮ್ಮಿನಲ್ಲಿರುವುದು ಸಂಶ್ಲೇಷಿತ ರಬ್ಬರ್ ಮತ್ತು ಪ್ಲಾಸ್ಟಿಕ್ ಜಾತಿಯ ಅಂಟು. ಜೊಲ್ಲಿನಲ್ಲಿ ಸಕ್ಕರೆ ಕರಗುತ್ತದೆ, ಪರಿಮಳ ಆರುತ್ತದೆ, ಅಂಟು ಮಾತ್ರ ಹಾಗೇ ಉಳಿಯುತ್ತದೆ. ನೀರಿಗೆ ಅದು ಜಗ್ಗುವುದಿಲ್ಲ. ರಸ್ತೆಗೆ ಬಿದ್ದರೆ ಮಳೆಗೆ ತೊಳೆದುಹೋಗುವುದಿಲ್ಲ, ತುಳಿದಷ್ಟೂ ನೆಲದ ರಂಧ್ರಗಳಿಗೆ ಇಳಿದು ಕರಿಯ ಬೊಟ್ಟಾಗುತ್ತದೆ. ತಿಂದವನಿಗೆ ಐದು ನಿಮಿಷದ ಸಿಹಿ, ಬೀದಿಗೆ ವರ್ಷಗಟ್ಟಲೆಯ ಕಲೆ.

ಬಾಗಿಲಿಗೆ ಅಂಟಿದ ಗಮ್

ಈಗ ಮತ್ತೆ ಸಿಂಗಪುರಕ್ಕೆ ಬರೋಣ. 1965ರಲ್ಲಿ ಸ್ವತಂತ್ರವಾದಾಗ ಅದು ಕೊಳೆತ ನದಿ, ಇಕ್ಕಟ್ಟಿನ ಗುಡಿಸಲುಗಳ ಊರಾಗಿತ್ತು. 1968ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಸ್ವಚ್ಛತೆಯ ಆಂದೋಲನ ಆರಂಭಿಸಿದರು. ಸರ್ಕಾರ ಕಟ್ಟಿಸಿದ ಬಹುಮಹಡಿ ವಸತಿಗಳಿಗೆ ಜನ ಬಂದರು. ನೂರಾರು ಮನೆಗಳಿಗೆ ಕೆಲವೇ ಲಿಫ್ಟು, ಒಂದೇ ಅಂಗಳ. ತುಂಟರಿಗೆ ಚೂಯಿಂಗ್ ಗಮ್ ಒಳ್ಳೆಯ ಅಸ್ತ್ರವಾಯಿತು. ಲಿಫ್ಟಿನ ಗುಂಡಿಯ ಮೇಲೆ, ಅಂಚೆ ಪೆಟ್ಟಿಗೆಯೊಳಗೆ, ಕೀಲಿಯ ತೂತಿನಲ್ಲಿ ಅಂಟಿಸಿ ಓಡತೊಡಗಿದರು. ನೆಲ ಒರೆಸುವ ಯಂತ್ರಗಳಿಗೆ ಗಮ್ ಸಿಕ್ಕಿ ಅವು ಕೆಡುತ್ತಿದ್ದವು. 1983ರಲ್ಲಿಯೇ ನಿಷೇಧದ ಸಲಹೆ ಬಂದಿತ್ತು. ಇಷ್ಟು ಕಠಿಣ ಕ್ರಮ ಬೇಡವೆಂದು ಲೀ ಅವರು ಆಗ ಒಪ್ಪಲಿಲ್ಲ.

1987ರ ನವೆಂಬರ್ 7ರಂದು ಎಂ.ಆರ್.ಟಿ. ರೈಲು ಓಡತೊಡಗಿತು. 500 ಕೋಟಿ ಸಿಂಗಪುರ ಡಾಲರಿನ ಯೋಜನೆ, ದೇಶದ ಹೆಮ್ಮೆ. ಬಾಗಿಲಿನ ಸಂವೇದಕಗಳಿಗೆ ಯಾರೋ ಗಮ್ ಅಂಟಿಸಿದರು. ಬಾಗಿಲು ಮುಚ್ಚಲಿಲ್ಲ, ರೈಲು ಹೊರಡಲಿಲ್ಲ, ಹಿಂದಿನ ರೈಲುಗಳೂ ನಿಂತವು. ಒಂದು ತುಣುಕು ಅಂಟು ಸಾವಿರಾರು ಜನರ ಕೆಲಸ ಕೆಡಿಸಿತು. 1990ರಲ್ಲಿ ಪ್ರಧಾನಿಯಾದ ಗೋ ಚೋಕ್ ಟೋಂಗ್ ಅವರ ಸರ್ಕಾರ ಇನ್ನು ತಡೆಯಲಿಲ್ಲ. 1992ರ ಜನವರಿ 3ರಿಂದ ಚೂಯಿಂಗ್ ಗಮ್ ನಿಷೇಧವಾಯಿತು.

ಹೊಸದರಲ್ಲಿ ಕೆಲವರು ಗಮ್ಮಿಗಾಗಿ ಸೇತುದಾರಿ ದಾಟಿ ಮಲೇಷ್ಯಾದ ಜೊಹೊರ್ ಬಾಹ್ರುವಿಗೆ ಹೋದದ್ದುಂಟು. ಹೊರಗಿನ ಪತ್ರಿಕೆಗಳು ನಕ್ಕವು. ಇಂಥ ಕಾನೂನಿನಿಂದ ಜನರ ಸೃಜನಶೀಲತೆ ಕುಗ್ಗುವುದಿಲ್ಲವೇ ಎಂದು ಬಿಬಿಸಿ ವರದಿಗಾರರೊಬ್ಬರು ಕೇಳಿದಾಗ, ಜಗಿಯದೆ ಯೋಚನೆ ಬಾರದಿದ್ದರೆ ಬಾಳೆಹಣ್ಣು ತಿಂದು ನೋಡಿ ಎಂಬರ್ಥದ ಉತ್ತರ ಕೊಟ್ಟವರು ಹಿಂದೆ ಅದೇ ನಿಷೇಧವನ್ನು ತಡೆದಿದ್ದ ಲೀ ಅವರೇ!

ಬಿಗಿಯಾದ ಗಂಟು ಸ್ವಲ್ಪ ಸಡಿಲಿಸಿದ್ದು ವ್ಯಾಪಾರ. 2003ರಲ್ಲಿ ಅಮೆರಿಕದೊಡನೆ ಮುಕ್ತ ವ್ಯಾಪಾರ ಒಪ್ಪಂದವಾದಾಗ ಗಮ್ ಕೂಡ ಮಾತುಕತೆಯ ಮೇಜಿಗೆ ಬಂತು. 2004ರಿಂದ ಹಲ್ಲಿನ ಆರೋಗ್ಯಕ್ಕೆ ನೆರವಾಗುವ ಗಮ್, ಸಿಗರೇಟು ಬಿಡಲು ಬಳಸುವ ನಿಕೋಟಿನ್ ಗಮ್ ದಂತವೈದ್ಯರ ಬಳಿ, ಔಷಧಿ ಅಂಗಡಿಯ ಫಾರ್ಮಸಿಸ್ಟರ ಬಳಿ ಸಿಗುತ್ತವೆ. ಮೊದಮೊದಲು ಕೊಳ್ಳುವವರು ಹೆಸರು, ಗುರುತಿನ ಸಂಖ್ಯೆ ಬರೆಸಬೇಕಿತ್ತು. ಅಂಗಡಿಯ ಕಟ್ಟೆಯ ಡಬ್ಬಿಯಿಂದ ಚಿಲ್ಲರೆಗೆ ಬದಲಾಗಿ ಕೊಡುವ ಮಿಠಾಯಿ ಅಲ್ಲಿ ಮದ್ದಿನ ಕಪಾಟು ಸೇರಿದೆ.

ಅಪ್ಪ ಅಮ್ಮಂದಿರಿಗೆ ಎರಡು ಮಾತು

ಹಾಗಾದರೆ ಗಮ್ ಕೆಟ್ಟದ್ದೇ? ಹಾಗೇನಿಲ್ಲ. ಸಕ್ಕರೆಯಿಲ್ಲದ ಗಮ್ಮನ್ನು ಊಟದ ನಂತರ ಜಗಿದರೆ ಜೊಲ್ಲು ಹೆಚ್ಚಿ, ಹಲ್ಲು ಕೊರೆಯುವ ಆಮ್ಲ ತಗ್ಗುತ್ತದೆ. ಸಕ್ಕರೆಯ ಗಮ್ ಇದಕ್ಕೆ ತದ್ವಿರುದ್ಧ, ಹಲ್ಲಿನ ಸುತ್ತ ಸಿಹಿಯನ್ನು ಸುತ್ತಿಸುತ್ತಲೇ ಇರುತ್ತದೆ. ನುಂಗಿದ ಗಮ್ ಏಳು ವರ್ಷ ಹೊಟ್ಟೆಯಲ್ಲಿರುತ್ತದೆ ಎಂಬುದು ಹೆದರಿಸುವ ಮಾತು. ಅದು ಜೀರ್ಣವಾಗದಿದ್ದರೂ ಕೆಲ ದಿನಗಳಲ್ಲಿ ಹೊರಬೀಳುತ್ತದೆ. ಆದರೆ ಪುಟ್ಟ ಮಕ್ಕಳು ಮೇಲಿಂದ ಮೇಲೆ ನುಂಗುವುದು ಅಪಾಯ, ಅಪರೂಪಕ್ಕೆ ಕರುಳು ಕಟ್ಟಿದ ಪ್ರಸಂಗಗಳಿವೆ. ಗಂಟೆಗಟ್ಟಲೆ ಜಗಿದರೆ ದವಡೆ ನೋಯುತ್ತದೆ. ಕೂದಲಿಗೆ ಅಂಟಿದರೆ ಕತ್ತರಿ ಹಿಡಿಯುವ ಮುನ್ನ ಮಂಜುಗಡ್ಡೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಪ್ರಯೋಗಿಸಬಹುದು.

ಗಮ್ಮನ್ನು ಕಂಡರೆ ಮಕ್ಕಳಿಗೇಕೆ ಅಷ್ಟು ಮೋಹ ಎಂದು ಬೇಸರಪಡುವ ಹಿರಿಯರು ಮನೆಯ ಎಲೆಯಡಿಕೆ ತಟ್ಟೆಯನ್ನೊಮ್ಮೆ ನೋಡಬೇಕು. ಬಾಯಿ ಸುಮ್ಮನಿರದೆ ಏನನ್ನಾದರೂ ಮೆಲ್ಲುತ್ತಿದ್ದರೆ ಮನಸ್ಸಿಗೆ ಹಾಯೆನಿಸುವುದು ಎಲ್ಲ ಕಾಲದ, ಎಲ್ಲ ದೇಶದ ಮನುಷ್ಯರ ಸ್ವಭಾವ. ತಕರಾರು ಇರುವುದು ಜಗಿತದ ಮೇಲಲ್ಲ, ಉಗಿತದ ಮೇಲೆ. ಮೆಟ್ಟಿಲಿನ ಮೂಲೆಯ ಕೆಂಪು ಕಲೆಗೂ ಬೆಂಚಿನಡಿಯ ಅಂಟಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ.

ಬಿಡಿಸುವವರು ಯಾರು?

ನಿಷೇಧವೊಂದೇ ದಾರಿಯೇನೂ ಅಲ್ಲ. ಸಿಂಗಪುರ ಗಮ್ ನಿಲ್ಲಿಸಿದ ಹೊತ್ತಿನಲ್ಲೇ, 1990ರ ದಶಕದಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ ನಾಟಕ ನೋಡಲು ಸಾಲುಗಟ್ಟಿದವರು ಪಕ್ಕದ ಇಟ್ಟಿಗೆ ಗೋಡೆಗೆ ಗಮ್ ಅಂಟಿಸತೊಡಗಿದರು. ಕೆರೆದು ಸಾಕಾದವರು ಸುಮ್ಮನಾದರು. ಗೋಡೆಯೇ ಪ್ರವಾಸಿ ತಾಣವಾಯಿತು! 2015ರಲ್ಲಿ ಇಟ್ಟಿಗೆಗಳು ಹಾಳಾಗುತ್ತವೆಂದು ಬಿಸಿ ಹಬೆ ಹಾಯಿಸಿ ತೆಗೆದಾಗ ಸಿಕ್ಕಿದ್ದು ಸಾವಿರ ಕಿಲೋಗೂ ಹೆಚ್ಚು ಗಮ್.

ಎರಡೂ ಕಡೆ ಕೆರೆದು ತೆಗೆಯುವವರು ಬೇರೆ ಯಾರೋ. ಸಿಂಗಪುರದ ಹೊಳಪಿನ ಹಿಂದೆ ಬರೀ ದಂಡದ ಭಯವಿಲ್ಲ. ಊರು ಏಳುವ ಮುನ್ನ ಪೊರಕೆ ಹಿಡಿಯುವ ವೃದ್ಧರೂ ಹೊರದೇಶದ ಕೂಲಿಗಳೂ ಇದ್ದಾರೆ. ತಮ್ಮದು ಸ್ವಚ್ಛ ಊರೋ, ಸ್ವಚ್ಛಗೊಳಿಸಲ್ಪಟ್ಟ ಊರೋ ಎಂಬ ಚರ್ಚೆ ಅಲ್ಲಿಯೇ ಆಗಾಗ ನಡೆಯುತ್ತದೆ. 1992ರಲ್ಲಿ ಬಂದ ಮತ್ತೊಂದು ನಿಯಮ ಇದನ್ನು ಅರಿತಂತಿದೆ. ಕಸ ಎಸೆದು ಸಿಕ್ಕಿಬಿದ್ದವರು ಎದ್ದು ಕಾಣುವ ಮೇಲಂಗಿ ತೊಟ್ಟು ತಾವೇ ಬೀದಿ ಗುಡಿಸುವಂತೆ ನ್ಯಾಯಾಲಯ ಆದೇಶಿಸಬಹುದು. ಒಮ್ಮೆ ಬಗ್ಗಿ ಹೆಕ್ಕಿದವರಿಗೆ ಬಗ್ಗುವ ಬೆನ್ನಿನ ನೋವು ತಿಳಿಯುತ್ತದೆ.

ರೈಲಿನ ಬಾಗಿಲಿಗೆ ಗಮ್ ಅಂಟಿಸಿದವರು ಬೆರಳೆಣಿಕೆಯ ತುಂಟರು. ಅದಕ್ಕೆ ಬೆಲೆ ತೆತ್ತವರು ಇಡೀ ದೇಶದ ಮಕ್ಕಳು. ಅವರಲ್ಲಿ ಬಹುಪಾಲು ಮಂದಿ ಜಗಿದದ್ದನ್ನು ಬುಟ್ಟಿಗೇ ಹಾಕುತ್ತಿದ್ದವರು. ಕಾನೂನು ಹುಟ್ಟುವುದು ಹೀಗೆಯೇ. ಸಣ್ಣ ಸ್ವಾತಂತ್ರ್ಯವನ್ನು ಕೆಲವರು ಕೆಡಿಸಿದರೆ ಎಲ್ಲರೂ ಕಳೆದುಕೊಳ್ಳಬೇಕಾಗುತ್ತದೆ.

ಗಮ್ಮಿಗೆ ಸುತ್ತಿದ ಕಾಗದವನ್ನು ಬಿಚ್ಚಿದ ಕೂಡಲೇ ಎಸೆಯದೆ ಜೇಬಿನಲ್ಲಿಟ್ಟುಕೊಂಡರೆ ಆಯಿತು. ಸಿಹಿ ಮುಗಿದ ಮೇಲೆ ಅದರಲ್ಲೇ ಸುತ್ತಿ ಬುಟ್ಟಿಗೆ ಹಾಕಬಹುದು. ಅದಕ್ಕೆ ಕಾನೂನೂ ಬೇಡ, ದಂಡವೂ ಬೇಡ.