ಮುಟ್ಟಿದರೆ ಹೆಸರು ಹೇಳುವ ಗುಳ್ಳೆ

ನಿನ್ನೆ ರಾತ್ರಿ ಊಟ ಮುಗಿಸಿ ಮಗಳಿಗೆ ಗ್ಯಾಪ್‌ಮೈಂಡರ್ ಜಾಲತಾಣದ ಗುಳ್ಳೆಗಳನ್ನು ತೋರಿಸ್ತಾ ಕೂತೆ. ಸ್ವೀಡನ್ನಿನ ವೈದ್ಯ ಹ್ಯಾನ್ಸ್ ರೋಸ್ಲಿಂಗ್ ಅವರ 2006ರ ಟೆಡ್ ಭಾಷಣದಿಂದ ಹೆಸರಾದ ಚಾರ್ಟು ಅದು. ಅಡ್ಡಗೆರೆಯಲ್ಲಿ ಆದಾಯ, ನಿಂತ ಗೆರೆಯಲ್ಲಿ ಆಯಸ್ಸು. ಜನ ಹೆಚ್ಚಿದ್ದಷ್ಟೂ ಗುಳ್ಳೆ ದೊಡ್ಡದು.

ಮೊದಲಿಗೆ ಕಾಣೋದು ಬಣ್ಣಬಣ್ಣದ ಚುಕ್ಕೆಗಳಷ್ಟೇ. ಬೆರಳಿಟ್ಟರೆ ದೇಶದ ಹೆಸರು, ಅಂಕಿ ಮೂಡುತ್ತವೆ. ಇನ್ನೂರರ ಹತ್ತಿರ ದೇಶಗಳ ಲೆಕ್ಕವನ್ನು ಒಟ್ಟಿಗೇ ಬರೆದಿದ್ದರೆ ಯಾರ ಕಣ್ಣು ತಾನೇ ನಿಲ್ಲುತ್ತಿತ್ತು? ಕೇಳಿದಷ್ಟಕ್ಕೇ ಉತ್ತರ ಕೊಡುವ ಆ ತಾಳ್ಮೆ ನನಗೆ ತುಂಬಾ ಇಷ್ಟ.

ಕೆಳಗಿನ ವರ್ಷದ ಪಟ್ಟಿಯನ್ನು ಎಳೀತಾ ಎಳೀತಾ ಮಗಳು 1918ಕ್ಕೆ ಬಂದಳು. ಗುಳ್ಳೆಗಳು ದಬದಬ ಕೆಳಗೆ ಬಿದ್ದವು.

"ಅಪ್ಪಾ, ಏನಾಯ್ತು?"

"ಆ ದೊಡ್ಡದನ್ನ ಮುಟ್ಟು ಪುಟ್ಟಿ."

ಭಾರತ. ಇನ್‌ಫ್ಲುಯೆಂಜಾ ನಮ್ಮಲ್ಲಿ ಕೋಟಿಗೂ ಹೆಚ್ಚು ಜನರನ್ನು ನುಂಗಿದ ಕಾಲ. ನಮ್ಮ ಪಾಠಪುಸ್ತಕದಲ್ಲಿ ಆ ವರ್ಷ ಅಂದರೆ ಮಹಾಯುದ್ಧ ಮುಗಿದದ್ದು, ಅಷ್ಟೇ.

ಅವಳು ಹಿಂದಕ್ಕೆ ಎಳೆದಳು, ಮುಂದಕ್ಕೆ ತಂದಳು. ಮತ್ತೆ ಅದೇ ವರ್ಷಕ್ಕೆ ಬಂದು, ಆ ಗುಳ್ಳೆಯ ಮೇಲಿಂದ ಬೆರಳು ತೆಗೆಯದೆ ಸುಮಾರು ಹೊತ್ತು ಕೂತಿದ್ದಳು.